ಹೊನ್ನಾವರದಲ್ಲಿ ಎರಡು ರಾತ್ರಿ ಉಳಿದರೆ ನೋಡುವುದಕ್ಕೆ ಏನಿದೆ?

ಸೀಮೆಸುಣ್ಣ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತೇನೆ. ಬರುವ ಡಿಸೆಂಬರಿನಲ್ಲಿ ನಾವು ಕೆಲವು ಶಿಕ್ಷಕರು ಮನೆಯವರೊಂದಿಗೆ, ಒಟ್ಟು ಹದಿನಾಲ್ಕು ಮಂದಿ, ಒಂದು ಟೆಂಪೊ ಟ್ರಾವೆಲರ್ ಗೊತ್ತುಮಾಡಿಕೊಂಡು ಕರಾವಳಿಗೆ ಹೋಗಬೇಕೆಂದಿದ್ದೇವೆ. ಈ ಹಿಂದೆ ಮೂರು ಸಲ ಆ ಕಡೆಗೆ ಹೋಗಿದ್ದೇವಾದರೂ ಮೂರು ಸಲವೂ ಜೋಗ ನೋಡಿ, ಘಟ್ಟ ಇಳಿದು, ಎಡಕ್ಕೆ ತಿರುಗಿ ಮುರ್ಡೇಶ್ವರಕ್ಕೋ ಬಲಕ್ಕೆ ತಿರುಗಿ ಗೋಕರ್ಣಕ್ಕೋ ಹೋಗಿ ಬಂದದ್ದಷ್ಟೇ. ನಡುವೆ ಸಿಗುವ ಹೊನ್ನಾವರ ನಮ್ಮ ಪಾಲಿಗೆ ಚಹಾ ಕುಡಿಯಲು ಗಾಡಿ ನಿಲ್ಲಿಸುವ ಊರಾಗಿಯೇ ಉಳಿದಿದೆ. ಈ ಸಲ ಅಲ್ಲಿಯೇ ಎರಡು ರಾತ್ರಿ ತಂಗೋಣವೆಂದು ನಾನು ಹಟ ಹಿಡಿದಿದ್ದೇನೆ, ಉಳಿದವರು "ಅಲ್ಲಿ ಏನಿದೆ ಮೇಷ್ಟ್ರೇ?" ಎಂದು ಕೇಳುತ್ತಿದ್ದಾರೆ.

ನನ್ನ ಪ್ರಶ್ನೆಗಳು ಇವು. ಹದಿನಾಲ್ಕನೆಯ ಶತಮಾನದಲ್ಲಿಯೇ ಹೊನ್ನಾವರದಲ್ಲಿ ಹೆಣ್ಣುಮಕ್ಕಳ ಶಾಲೆಗಳಿದ್ದವೆಂದು ಎಲ್ಲೋ ಓದಿದ ನೆನಪಿದೆ, ಅದಕ್ಕೆ ಆಧಾರವಿದೆಯೇ? ಕಾಳುಮೆಣಸಿನ ರಾಣಿ ಎಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಗುರುತುಗಳು ಆ ಊರಿನಲ್ಲಿ ಈಗ ಕಾಣಸಿಗುತ್ತವೆಯೇ? ಪೋರ್ಚುಗೀಸರ ಕೋಟೆ ಎಲ್ಲಿದೆ? ನಮ್ಮ ಜೊತೆಗೆ ಮಂಡಿನೋವಿನ ಹಿರಿಯರು ಇಬ್ಬರಿದ್ದಾರೆ ಎಂಬುದನ್ನೂ ಗಮನದಲ್ಲಿಟ್ಟು ತಿಳಿದವರು ದಯವಿಟ್ಟು ತಿಳಿಸಬೇಕು.

ಅಳಿವೆ ಕಡೆಯವ (ಊರು ಹೊನ್ನಾವರ, ಇರುವುದು ದಾವಣಗೆರೆ):

ಮೇಷ್ಟ್ರೇ, ನಮಸ್ಕಾರ. ಉದ್ಯೋಗದ ನಿಮಿತ್ತ ಹತ್ತೊಂಬತ್ತು ವರ್ಷಗಳಿಂದ ನಿಮ್ಮ ಊರಿನಲ್ಲಿ ಇದ್ದೇನೆ. ಹುಟ್ಟಿ ಬೆಳೆದದ್ದು ಹೊನ್ನಾವರದಲ್ಲಿ. ಕೋಟೆಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಚಿತ್ರದುರ್ಗದ ಏಳು ಸುತ್ತಿನ ಕೋಟೆ ನೋಡಿ ಬೆಳೆದ ಬಯಲುಸೀಮೆಯವರು ನಮ್ಮೂರಿಗೆ ಬಂದು "ಕೋಟೆ ಎಲ್ಲಿ?" ಎಂದು ಕೇಳಿದಾಗ ನಮಗೆ ಸಂಕೋಚವಾಗುತ್ತದೆ. 1569ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದ್ದು ನಿಜ. ಆದರೆ ಪೇಟೆಯೊಳಗೆ ನಿಂತು ಕೈ ತೋರಿಸಿ ಹೇಳುವಂಥ ಗೋಡೆ ಬುರುಜುಗಳು ಈಗ ಉಳಿದಿಲ್ಲ. ಪೇಟೆ, ಬಂದರು, ಬಸ್‌ ನಿಲ್ದಾಣ ಇವಿಷ್ಟನ್ನು ನೋಡಿದರೆ ನಿಮ್ಮ ಸಹೋದ್ಯೋಗಿಗಳ ಪ್ರಶ್ನೆಯೇ ಸರಿ ಎನ್ನಿಸುತ್ತದೆ.

ಹೊನ್ನಾವರವನ್ನು ಸಮುದ್ರಕ್ಕೆ ಮುಖ ಮಾಡಿ ನೋಡಿದರೆ ಅದು ತಿಳಿಯುವುದಿಲ್ಲ. ಶರಾವತಿಗೆ ಮುಖ ಮಾಡಿ ನೋಡಬೇಕು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಸುಮಾರು 128 ಕಿಲೋಮೀಟರ್ ಹರಿದು ಬರುವ ನದಿ ನಮ್ಮೂರಿನ ಅಳಿವೆಯಲ್ಲಿ ಸಮುದ್ರ ಸೇರುತ್ತದೆ. ಸೀತೆಗೆ ಬಾಯಾರಿಕೆಯಾದಾಗ ರಾಮನು ನೆಲಕ್ಕೆ ಬಾಣ ಬಿಟ್ಟು ನೀರು ತರಿಸಿದನೆಂಬ ಕಥೆ ಆ ಅಂಬುತೀರ್ಥದ್ದು. ಅಂಬು ಎಂದರೆ ಬಾಣವೂ ಹೌದು, ನೀರೂ ಹೌದು, ಹಾಗಾಗಿ ಕಥೆ ಹೆಸರಿನಿಂದ ಹುಟ್ಟಿತೋ ಹೆಸರು ಕಥೆಯಿಂದ ಹುಟ್ಟಿತೋ ಎಂದು ನಮ್ಮ ಅಜ್ಜ ಕೇಳುತ್ತಿದ್ದರು. ಘಟ್ಟದ ಬುಡದ ಕಾಡುಗಳಲ್ಲಿ ಬೆಳೆದ ಕಾಳುಮೆಣಸು ಗೇರುಸೊಪ್ಪೆಯಲ್ಲಿ ದೋಣಿ ಹತ್ತಿ, ನದಿಯಲ್ಲಿಯೇ ಇಳಿದು, ಹೊನ್ನಾವರದಲ್ಲಿ ಹಡಗು ಏರುತ್ತಿತ್ತು. ನದಿಯಲ್ಲಿ ದೋಣಿ ಸಾಗುವುದು ಗೇರುಸೊಪ್ಪೆಯವರೆಗೆ ಮಾತ್ರ. ಅಲ್ಲಿಂದ ಮೇಲಕ್ಕೆ ಘಟ್ಟದ ದಾರಿ, ಎತ್ತಿನ ಬೆನ್ನು. ಆದ್ದರಿಂದಲೇ ಅರಸರು ಗೇರುಸೊಪ್ಪೆಯಲ್ಲಿ ಕುಳಿತರು, ಪೋರ್ಚುಗೀಸರು ಹೊನ್ನಾವರದ ಬಾಯಿಗೆ ಕೈಹಾಕಿದರು. ರಾಣಿಯ ಗುರುತು ಬೇಕಿದ್ದರೆ ನೀವು ಹೋಗಬೇಕಾದದ್ದು ಪೇಟೆಯಿಂದ ಸುಮಾರು 30 ಕಿಲೋಮೀಟರ್ ದೂರದ ಗೇರುಸೊಪ್ಪೆಗೆ.

ಅಲ್ಲಿ ನದಿಯ ಆಚೆ ದಂಡೆಯಲ್ಲಿ, ನಗರಬಸ್ತಿಕೇರಿಯ ಕಾಡಿನ ನಡುವೆ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಿನಲ್ಲಿ ನಿಂತರೂ ಎದುರಿಗೆ ತೀರ್ಥಂಕರರೊಬ್ಬರ ಮೂರ್ತಿ. ಕಾರ್ಕಳದ ಚತುರ್ಮುಖ ಬಸದಿಯನ್ನು ನೋಡಿದವರಿಗೆ ವಿನ್ಯಾಸ ಪರಿಚಿತವೆನ್ನಿಸುತ್ತದೆ, ಆದರೆ ಅಲ್ಲಿನದು ಬೋಳು ಬಂಡೆಯ ಮೇಲೆ ಬಿಸಿಲಿನಲ್ಲಿ ನಿಂತಿದೆ, ಇಲ್ಲಿನದು ಕಾಡಿನ ನೆರಳಿನಲ್ಲಿ. ಸುತ್ತಲೂ ಇನ್ನೂ ಕೆಲವು ಬಸದಿಗಳೂ ಶಾಸನಗಳೂ ಇವೆ. ಗೇರುಸೊಪ್ಪೆಗೆ ಭಲ್ಲಾತಕೀಪುರ ಎಂಬ ಸಂಸ್ಕೃತದ ಹೆಸರೂ ಇತ್ತು. ಭಲ್ಲಾತಕ ಎಂದರೆ ಗೇರು. ನಾವು ಇಂದು ಗೇರು ಎಂದು ತಿನ್ನುವ ಗೋಡಂಬಿಯನ್ನು ತಂದವರು ಪೋರ್ಚುಗೀಸರು, ಆದ್ದರಿಂದ ಊರಿನ ಹೆಸರಿನಲ್ಲಿರುವುದು ಅದಲ್ಲ, ನಮ್ಮ ಕಾಡಿನ ಕರಿಗೇರು. ಮಾರ್ಗದರ್ಶಕರು ಯಾರಾದರೂ ಗೋಡಂಬಿಯ ಕಥೆ ಹೇಳಿದರೆ ಸುಮ್ಮನೆ ತಲೆಯಾಡಿಸಿ.

ಕಲ್ಲಿನಕೋಟೆ (ಚಿತ್ರದುರ್ಗ):

ಸೀಮೆಸುಣ್ಣ ಅವರ ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಾನು ನಿವೃತ್ತ ಇತಿಹಾಸ ಉಪನ್ಯಾಸಕ. ಮೂವತ್ತು ವರ್ಷ ಇದನ್ನೇ ಪಾಠ ಮಾಡಿದ್ದೇನೆ, ಉತ್ತರ ಸ್ವಲ್ಪ ಉದ್ದವಾದರೆ ಕ್ಷಮಿಸಬೇಕು.

ಶಾಲೆಗಳ ಮಾತಿಗೆ ಆಧಾರವಿದೆ. ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ 1340ರ ದಶಕದ ಆರಂಭದಲ್ಲಿ ಹೊನ್ನಾವರಕ್ಕೆ ಬಂದಿದ್ದ. ಅವನು ಊರನ್ನು ಹಿನಾವುರ್ ಎಂದು ಕರೆದು, ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆನೆಂದೂ, ಇಂಥದ್ದನ್ನು ಬೇರೆಲ್ಲಿಯೂ ನೋಡಲಿಲ್ಲವೆಂದೂ ಬರೆದಿದ್ದಾನೆ. ಆದರೆ ತರಗತಿಯಲ್ಲಿ ಹೇಳುವಾಗ ಒಂದು ಎಚ್ಚರಿಕೆ ಅಗತ್ಯ. ಅವನು ಹೇಳುತ್ತಿರುವುದು ಕಡಲ ವ್ಯಾಪಾರದಲ್ಲಿ ತೊಡಗಿದ್ದ ಅಲ್ಲಿನ ಮುಸ್ಲಿಂ ಸಮುದಾಯದ ಬಗ್ಗೆ. ಅಲ್ಲಿನ ಹೆಂಗಸರಿಗೆ ಕುರ್‌ಆನ್ ಬಾಯಿಪಾಠವಾಗಿತ್ತು ಎಂದು ಅದೇ ಜಾಗದಲ್ಲಿ ಹೇಳುತ್ತಾನೆ. ಅದನ್ನು ಇಡೀ ಕರಾವಳಿಯ ಹೆಣ್ಣುಮಕ್ಕಳ ಶಿಕ್ಷಣವೆಂದು ಹಿಗ್ಗಿಸಬಾರದು, ಅದೊಂದು ಕಟ್ಟುಕಥೆ ಎಂದು ಕುಗ್ಗಿಸಲೂಬಾರದು. ಊಟದ ವರ್ಣನೆಯನ್ನೂ ಅವನು ಬಿಟ್ಟಿಲ್ಲ: ಅನ್ನ, ತುಪ್ಪ, ಉಪ್ಪಿನಕಾಯಿ ಹಾಕಿದ ಮೆಣಸು, ಹಸಿಶುಂಠಿ, ನಿಂಬೆ, ಮಾವು. ಇವತ್ತಿಗೂ ಶರಾವತಿ ದಂಡೆಯ ಮನೆಗಳಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಇಲ್ಲದ ಅಡುಗೆಮನೆ ಕಾಣುವುದು ಕಷ್ಟ.

ಆಗಿನ ಹೊನ್ನಾವರದ ಸುಲ್ತಾನ ಜಮಾಲುದ್ದೀನನು ಹರ್ಯಬ್ ಎಂಬ ಅರಸನ ಅಧೀನದಲ್ಲಿದ್ದನೆಂದು ಇಬ್ನ್ ಬತೂತ ಬರೆಯುತ್ತಾನೆ. ಈ ಹರ್ಯಬ್ ವಿಜಯನಗರದ ಒಂದನೆಯ ಹರಿಹರನೆಂದು ವಿದ್ವಾಂಸರು ಗುರುತಿಸುತ್ತಾರೆ. (ದಾವಣಗೆರೆಯವರು ಇದನ್ನು ನಿಮ್ಮ ಪಕ್ಕದ ಹರಿಹರಕ್ಕೆ ಗಂಟುಹಾಕಬೇಡಿ, ಆ ಊರಿಗೆ ಹೆಸರು ಬಂದದ್ದು ಹರಿಹರೇಶ್ವರನಿಂದ, ದೇವಾಲಯವನ್ನು ಹೊಯ್ಸಳರ ಕಾಲದಲ್ಲಿ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು.) ಮುಂದೆ ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬೀ ಕುದುರೆಗಳು ಭಟ್ಕಳ, ಹೊನ್ನಾವರಗಳ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ನಮ್ಮ ಬಯಲಿನ ಕಡೆಗೆ ಬರುತ್ತಿದ್ದವು. ಹೊನ್ನಾವರದ ಇನ್ನೊಬ್ಬ ಮುಖ್ಯ ವ್ಯಕ್ತಿ ತಿಮ್ಮಯ್ಯ. ಪೋರ್ಚುಗೀಸ್ ಬರಹಗಳಲ್ಲಿ ತಿಮೋಜಾ. ಕಡಲುಗಳ್ಳನೆಂದು ಕೆಲವರು, ನೌಕಾದಳದ ನಾಯಕನೆಂದು ಕೆಲವರು ಕರೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಆ ಕಾಲದಲ್ಲಿ ಎರಡಕ್ಕೂ ನಡುವೆ ದೊಡ್ಡ ಅಂತರವಿರಲಿಲ್ಲ. 1505ರಲ್ಲಿ ಪೋರ್ಚುಗೀಸರು ಹೊನ್ನಾವರದ ಹಡಗುಗಳಿಗೆ ಬೆಂಕಿಯಿಟ್ಟರು. ಐದು ವರ್ಷಗಳ ಬಳಿಕ, 1510ರಲ್ಲಿ, ಬೇರೆ ಕಡೆಗೆ ಹೊರಟಿದ್ದ ಪೋರ್ಚುಗೀಸ್ ಸೇನಾನಿ ಆಲ್ಬುಕರ್ಕನಿಗೆ ಗೋವೆಯನ್ನು ಹಿಡಿಯುವಂತೆ ಸಲಹೆ ಕೊಟ್ಟವನು ಇದೇ ತಿಮ್ಮಯ್ಯ. ಗೋವೆಯ ನಾಲ್ಕೂವರೆ ಶತಮಾನಗಳ ಚರಿತ್ರೆ ಹೊನ್ನಾವರದವನೊಬ್ಬನ ಮಾತಿನಿಂದ ತಿರುಗಿತು ಎಂಬುದನ್ನು ಮಕ್ಕಳಿಗೆ ಹೇಳಿ, ಕಣ್ಣರಳಿಸುತ್ತಾರೆ.

ನಮ್ಮ ಜಿಲ್ಲೆಗೂ ಆ ಕರಾವಳಿಗೂ ಇರುವ ನಂಟನ್ನು ಹೇಳಿ ಮುಗಿಸುತ್ತೇನೆ. 1654ರಲ್ಲಿ ಕೆಳದಿಯ ಶಿವಪ್ಪ ನಾಯಕ ಹೊನ್ನಾವರವನ್ನು ಪೋರ್ಚುಗೀಸರಿಂದ ಕಿತ್ತುಕೊಂಡ ಮೇಲೆ ಆ ಬಂದರು ಕೆಳದಿಯವರ ಆಗಿನ ರಾಜಧಾನಿ ಬಿದನೂರಿನ ಬೊಕ್ಕಸ ತುಂಬಿಸಿತು. 1763ರಲ್ಲಿ ಹೈದರಾಲಿ ಬಿದನೂರಿನ ಮೇಲೆ ನಡೆದಾಗ ಅವನಿಗೆ ನೆಪ ಸಿಕ್ಕಿದ್ದು ಚಿತ್ರದುರ್ಗದ ಕಡೆಯಿಂದ: ಬಿದನೂರಿನ ರಾಣಿ ವೀರಮ್ಮಾಜಿ ಕೊಲ್ಲಿಸಿದಳೆಂದು ಜನ ನಂಬಿದ್ದ ಯುವ ಅರಸ ಚೆನ್ನಬಸವ ನಾಯಕ ತಾನೇ ಎಂದು ಹೇಳಿಕೊಂಡ ಯುವಕನೊಬ್ಬ ಇಲ್ಲಿ ಕಾಣಿಸಿಕೊಂಡಿದ್ದ. ಅವನನ್ನು ಗದ್ದುಗೆಗೆ ಏರಿಸುವ ಹೆಸರಿನಲ್ಲಿ ದಂಡು ಹೊರಟಿತು. ಬಿದನೂರು ಕೈಸೇರಿದ ಮೇಲೆ ವೀರಮ್ಮಾಜಿಯನ್ನೂ ಆ ಯುವಕನನ್ನೂ ಒಟ್ಟಿಗೇ ಮಧುಗಿರಿ ದುರ್ಗದ ಸೆರೆಗೆ ಕಳುಹಿಸಲಾಯಿತು. ಬಿದನೂರಿನ ಹಿಂದೆಯೇ ಹೊನ್ನಾವರವೂ ಹೈದರನಿಗೆ ಸೇರಿತು. ಹದಿನಾರು ವರ್ಷಗಳ ನಂತರ, 1779ರಲ್ಲಿ, ಚಿತ್ರದುರ್ಗದ ಸರದಿಯೂ ಬಂತು.

ತುಂಗಭದ್ರೆ (ಹರಿಹರ):

ಹಿರಿಯರಿಬ್ಬರೂ ಚರಿತ್ರೆಯನ್ನು ಚೆನ್ನಾಗಿ ತಿಳಿಸಿದ್ದಾರೆ. ಮಂಡಿನೋವಿನ ವಿಷಯಕ್ಕೆ ಯಾರೂ ಬರಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಕಳೆದ ಜನವರಿಯಲ್ಲಿ ಅತ್ತೆ ಮಾವಂದಿರನ್ನು ಕರೆದುಕೊಂಡು ನಾವು ಇದೇ ದಾರಿಯಲ್ಲಿ ಹೋಗಿ ಬಂದೆವು. ಶಿವಮೊಗ್ಗ, ಸಾಗರದ ಮೇಲೆ ಹಳೆಯ 206ನೇ ಹೆದ್ದಾರಿ ಹಿಡಿದರೆ ನಿಲ್ಲುತ್ತ ನಿಲ್ಲುತ್ತ ಆರು ಗಂಟೆಯಾದರೂ ಬೇಕು. ರೈಲನ್ನು ನಂಬುವಂತಿಲ್ಲ, ಅದು ತಾಳಗುಪ್ಪದಲ್ಲಿಯೇ ಮುಗಿದುಹೋಗುತ್ತದೆ. ಗೇರುಸೊಪ್ಪೆ ಘಟ್ಟದಲ್ಲಿ ತಿರುವುಗಳು ಹೆಚ್ಚು. ವಾಂತಿಯಾಗುವವರಿಗೆ ಮುಂದಿನ ಸೀಟು ಕೊಡಿ. ನಾವು ಹೋಗುವಾಗ ಸಿಂಗಳೀಕಗಳ ಒಂದು ಗುಂಪು ರಸ್ತೆಯ ಪಕ್ಕದ ಮರದಲ್ಲಿತ್ತು, ಮಾವನವರು ಸಮುದ್ರಕ್ಕಿಂತ ಅದನ್ನೇ ಹೆಚ್ಚು ನೆನೆಸಿಕೊಳ್ಳುತ್ತಾರೆ.

ಹಿರಿಯರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಶರಾವತಿಯ ಹಿನ್ನೀರಿನ ದೋಣಿ ಪ್ರಯಾಣ ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಲಗೆ ಹಾಸಿ ಮಾಡಿರುವ ಕಾಲುದಾರಿ. ದಾರಿ ಸಮತಟ್ಟಾಗಿದೆ, ಕೈಹಿಡಿಕೆ ಇದೆ, ಎರಡೂ ಬದಿಗೆ ಕೆಸರಿನಿಂದ ಮೇಲೆದ್ದ ಬೇರುಗಳು ಮತ್ತು ಏಡಿಗಳು. ಆದರೆ ನೀರಿನ ವೇಳೆಯನ್ನು ಕೇಳಿಕೊಂಡೇ ಹೊರಡಬೇಕು. ನಾವು ಊಟ ಮುಗಿಸಿ ನಿಧಾನವಾಗಿ ಹೋದದ್ದರಿಂದ ಇಳಿತದ ಹೊತ್ತಿಗೆ ಸಿಕ್ಕಿಕೊಂಡು, ದೋಣಿಯ ತಳ ಕೆಸರಿಗೆ ಕಚ್ಚಿ, ಭರತ ಬರುವವರೆಗೆ ಒಂದೂವರೆ ಗಂಟೆ ಬಿಸಿಲಿನಲ್ಲಿ ಕುಳಿತಿದ್ದೆವು. ದೋಣಿಯವರು ಬೆಳಿಗ್ಗೆಯೇ ಬರಲು ಹೇಳಿದ್ದರು, ತಪ್ಪು ನಮ್ಮದೇ.

ಕಾಸರಕೋಡಿನ ಕಡಲತೀರ ಸ್ವಚ್ಛವಾಗಿದೆ, 2020ರಲ್ಲಿ ಅದಕ್ಕೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ, ಶೌಚಾಲಯದ ವ್ಯವಸ್ಥೆ ಇದೆ. ಹೆಂಗಸರು ಮಕ್ಕಳು ಹೋಗುವಾಗ ಇದು ಸಣ್ಣ ವಿಷಯವಲ್ಲ. ಅಪ್ಸರಕೊಂಡದಲ್ಲಿ ಅಪ್ಸರೆಯರು ಸ್ನಾನ ಮಾಡುತ್ತಿದ್ದರೆಂದು ಹೇಳುವ ಕೊಳಕ್ಕೆ ಮೆಟ್ಟಿಲು ಇಳಿಯಬೇಕು, ಮಂಡಿನೋವಿನವರು ಮೇಲೆಯೇ ಕುಳಿತು ಸಮುದ್ರ ನೋಡಬಹುದು. ಇಡಗುಂಜಿ ಗಣಪತಿಯ ದರ್ಶನ ಸುಲಭ. ಸಂಕಷ್ಟಿಯ ದಿನ ಮಾತ್ರ ಹೋಗಬೇಡಿ.

ಸೀಮೆಸುಣ್ಣ (ದಾವಣಗೆರೆ):

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಇನ್ನೆರಡು ಸಂದೇಹಗಳು ಉಳಿದಿವೆ. ಆತ್ಮಲಿಂಗದ ಕಥೆ ಗೋಕರ್ಣದ್ದೆಂದು ತಿಳಿದಿದ್ದೆ, ಆದರೆ ಅದಕ್ಕೂ ಹೊನ್ನಾವರ ತಾಲ್ಲೂಕಿನ ದೇವಸ್ಥಾನಗಳಿಗೂ ಸಂಬಂಧವಿದೆ ಎಂದು ನಮ್ಮ ಸಂಸ್ಕೃತ ಶಿಕ್ಷಕರು ಹೇಳುತ್ತಾರೆ. ಎರಡನೆಯದಾಗಿ, ಚೆನ್ನಭೈರಾದೇವಿಯ ಕೊನೆಯ ಬಗ್ಗೆ ನಾನು ಓದಿದ ಎರಡು ಬರಹಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದರಲ್ಲಿ ಆಕೆ ಕೆಳದಿಯವರ ಸೆರೆಯಲ್ಲಿ ತೀರಿಕೊಂಡ ವೀರರಾಣಿ, ಇನ್ನೊಂದರಲ್ಲಿ ಪರದೇಶಿಯೊಬ್ಬನನ್ನು ನಂಬಿ ರಾಜ್ಯ ಕಳೆದುಕೊಂಡವಳು. ಯಾವುದನ್ನು ನಂಬುವುದು?

ಅಳಿವೆ ಕಡೆಯವ (ಊರು ಹೊನ್ನಾವರ, ಇರುವುದು ದಾವಣಗೆರೆ):

ನಿಮ್ಮ ಸಂಸ್ಕೃತ ಶಿಕ್ಷಕರು ಹೇಳಿದ್ದು ಸರಿ. ಗಣಪತಿ ನೆಲಕ್ಕಿಟ್ಟ ಲಿಂಗವನ್ನು ಕೀಳಲಾರದೆ ಸಿಟ್ಟಿಗೆದ್ದ ರಾವಣ ಅದರ ಸಂಪುಟ, ಮುಚ್ಚಳ, ದಾರ, ಹೊದಿಸಿದ ಬಟ್ಟೆ ಇವುಗಳನ್ನು ದಿಕ್ಕಿಗೊಂದರಂತೆ ಎಸೆದನೆಂದೂ, ಅವು ಬಿದ್ದಲ್ಲಿ ಶೇಜ್ಜೇಶ್ವರ, ಗುಣವಂತೇಶ್ವರ, ಧಾರೇಶ್ವರ, ಮುರ್ಡೇಶ್ವರಗಳಾದವೆಂದೂ ಕಥೆ. ಇವುಗಳಲ್ಲಿ ಗುಣವಂತೆ ನಮ್ಮ ತಾಲ್ಲೂಕಿನದು. ಯಾವ ಊರಿನಲ್ಲಿ ಏನು ಬಿದ್ದಿತು ಎಂಬುದು ಹೇಳುವವರಿಂದ ಹೇಳುವವರಿಗೆ ಬದಲಾಗುತ್ತದೆ. ಗುಣ ಎಂಬ ಮಾತಿಗೆ ದಾರವೆಂಬ ಅರ್ಥವೂ ಇರುವುದರಿಂದ ದಾರ ಬಿದ್ದದ್ದು ಗುಣವಂತೆಯಲ್ಲಿ ಎನ್ನುವವರಿದ್ದಾರೆ, ಧಾರೇಶ್ವರದ ಹೆಸರಿನಲ್ಲಿಯೇ ದಾರವಿದೆಯಲ್ಲ ಎನ್ನುವವರೂ ಇದ್ದಾರೆ. ಚಿಕ್ಕಂದಿನಲ್ಲಿ ಈ ಜಗಳ ನಮ್ಮ ಮನೆಯ ಜಗುಲಿಯಲ್ಲಿಯೇ ನಡೆಯುತ್ತಿತ್ತು. ಅಮ್ಮನ ತವರು ಧಾರೇಶ್ವರದ ಕಡೆ.

ಇಡಗುಂಜಿಯದು ಬೇರೆಯೇ ಕಥೆ. ಕಲಿಯುಗ ಹತ್ತಿರವಾದಾಗ ವಾಲಖಿಲ್ಯ ಋಷಿಗಳ ಯಜ್ಞಕ್ಕೆ ವಿಘ್ನಗಳು ಬಂದು, ನಾರದರ ಪ್ರಯತ್ನದಿಂದ ಗಣಪತಿ ಶರಾವತಿಯ ಎಡದಂಡೆಯ ಕುಂಜಾರಣ್ಯಕ್ಕೆ ಬಂದು ನೆಲೆಸಿದನಂತೆ. ಎಡದ ಕುಂಜವೇ ಇಡಗುಂಜಿ ಎನ್ನುತ್ತಾರೆ. ಮೂರ್ತಿಯನ್ನು ಸರಿಯಾಗಿ ಗಮನಿಸಿ: ನಿಂತ ಭಂಗಿ, ಎರಡೇ ಕೈ, ಬಳಿಯಲ್ಲಿ ಇಲಿಯಿಲ್ಲ. ಪಂಚಕಜ್ಜಾಯ ಅಲ್ಲಿನ ಪ್ರಸಾದ. ಈ ದೇವರ ಹೆಸರನ್ನೇ ಇಟ್ಟುಕೊಂಡ ಯಕ್ಷಗಾನ ಮಂಡಳಿಯನ್ನು ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದರು; ಅದರ ನೆಲೆ ಗುಣವಂತೆಯಲ್ಲಿದೆ. ನೀವು ಹೋಗುವ ದಿನಗಳಲ್ಲಿ ಅಲ್ಲಿ ಬಡಗುತಿಟ್ಟಿನ ಪ್ರದರ್ಶನವೇನಾದರೂ ಇದೆಯೇ ಎಂದು ಮೊದಲೇ ವಿಚಾರಿಸಿ. ಇದ್ದರೆ ಮುರ್ಡೇಶ್ವರವನ್ನು ಬಿಡಿ. 123 ಅಡಿಯ ಶಿವನನ್ನು ನೀವು ಆಗಲೇ ನೋಡಿದ್ದೀರಿ.

ಊರಿನ ಎದುರು ಸಮುದ್ರದಲ್ಲಿ ಕಾಣುವ ಬಸವರಾಜದುರ್ಗದ ಬಗ್ಗೆ ಯಾರೂ ಹೇಳಲಿಲ್ಲ. ಕೆಳದಿಯವರು ಗೋಡೆ ಕಟ್ಟಿ ಭದ್ರಪಡಿಸಿದ ನಡುಗಡ್ಡೆ ಅದು. ಸಮುದ್ರ ಶಾಂತವಾಗಿರುವಾಗ ಮಾತ್ರ ದೋಣಿ ಹೋಗುತ್ತದೆ, ಹಿರಿಯರಿಗೆ ಸಾಧ್ಯವಿಲ್ಲ, ದಂಡೆಯಿಂದ ನೋಡಿದರೆ ಸಾಕು. ಅಳಿವೆಯಲ್ಲಿ ಮರಳಿನ ದಿಬ್ಬ ಬೆಳೆದು ದೋಣಿಗಳಿಗೆ ಅಪಾಯವಾಗುವುದು ನಮ್ಮೂರಿನ ಹಳೆಯ ಕಷ್ಟ. ಇಷ್ಟು ದೊಡ್ಡ ಬಂದರು ಇಷ್ಟು ಸಣ್ಣ ಊರಾಗಿ ಉಳಿಯಲು ಅದೂ ಒಂದು ಕಾರಣ.

ಕಲ್ಲಿನಕೋಟೆ (ಚಿತ್ರದುರ್ಗ):

ರಾಣಿಯ ಪ್ರಶ್ನೆಗೆ ನನ್ನ ಅಭಿಪ್ರಾಯ. ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಐವತ್ನಾಲ್ಕು ವರ್ಷ ಆಳಿದಳೆಂದು ಸಾಮಾನ್ಯವಾಗಿ ಒಪ್ಪಿಕೊಳ್ಳಲಾಗಿದೆ. ಕೆಳದಿಯ ಹಿರಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದು, ವೃದ್ಧ ರಾಣಿಯನ್ನು ತನ್ನ ಆಗಿನ ರಾಜಧಾನಿ ಇಕ್ಕೇರಿಯಲ್ಲಿ ಸೆರೆಯಿಟ್ಟನೆಂದೂ ಆಕೆ ಅಲ್ಲಿಯೇ ತೀರಿಕೊಂಡಳೆಂದೂ ಪ್ರತೀತಿ. ನೀವು ಓದಿದ ಎರಡನೆಯ ಕಥೆಯ ಮೂಲ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಂದಿಗೆ ಅವನು ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಗೇರುಸೊಪ್ಪೆಯ ರಾಣಿ ಒಬ್ಬ ಪರಸ್ಥಳದವನಿಗೆ ಮನಸೋತು ಅಧಿಕಾರ ಕೊಟ್ಟಳು, ಅವನೇ ತಿರುಗಿಬಿದ್ದಾಗ ಪೋರ್ಚುಗೀಸರ ನೆರವು ಕೇಳಿದಳು, ಅವನು ವೆಂಕಟಪ್ಪ ನಾಯಕನನ್ನು ನೆರವಿಗೆ ಕರೆದ, ಹೀಗೆ ರಾಜ್ಯ ಹೋಯಿತು ಎಂದು ತಾನು ಕೇಳಿದ್ದನ್ನು ಬರೆದಿದ್ದಾನೆ. ಅವನು ಅದನ್ನು ಕೇಳಿದ್ದು ಯಾರ ಜೊತೆಯಲ್ಲಿದ್ದಾಗ, ಹೋಗುತ್ತಿದ್ದದ್ದು ಯಾರ ಆಸ್ಥಾನಕ್ಕೆ ಎಂಬುದನ್ನು ನೋಡಿ. ಒಂದು ಕಡೆ ಆಕೆಯೊಂದಿಗೆ ಯುದ್ಧ ಮಾಡಿದ್ದ ಪೋರ್ಚುಗೀಸರು, ಇನ್ನೊಂದು ಕಡೆ ಆಕೆಯ ರಾಜ್ಯವನ್ನು ನುಂಗಿದ ನಾಯಕ. ಸೋತ ಹೆಂಗಸಿನ ಚಾರಿತ್ರ್ಯದ ಮೇಲೆ ಕಥೆ ಕಟ್ಟುವುದು ಗೆದ್ದವರಿಗೆ ಅಗ್ಗದ ಕೆಲಸ. ಹಾಗಾಗಿ ನಾನು ಅದನ್ನು ಸಾಕ್ಷ್ಯವೆಂದು ಒಪ್ಪುವುದಿಲ್ಲ. ಆದರೆ ಅದೇ ಮನುಷ್ಯ ತಾನು ಕಣ್ಣಾರೆ ಕಂಡದ್ದನ್ನು ಬರೆದಾಗ ನಂಬುತ್ತೇನೆ: ಗೇರುಸೊಪ್ಪೆ ಆಗಲೇ ಹಾಳುಬಿದ್ದು ಮರಗಿಡ ಬೆಳೆದಿತ್ತು, ಮತ್ತು ಶರಾವತಿ ತಾನು ನೋಡಿದ ನದಿಗಳಲ್ಲಿಯೇ ಅತ್ಯಂತ ಸುಂದರವಾದವುಗಳಲ್ಲಿ ಒಂದು.

ಪ್ರವಾಸದ ಕ್ರಮದ ಬಗ್ಗೆ ಒಂದು ಮಾತು. ಎಲ್ಲರೂ ಸಾಗರ ತಲುಪಿದ ಕೂಡಲೇ ಇಕ್ಕೇರಿಗೆ ಹೊರಳುತ್ತಾರೆ. ನೀವು ಹೋಗುವಾಗ ಅದನ್ನು ಬಿಟ್ಟು ನೇರವಾಗಿ ಘಟ್ಟ ಇಳಿಯಿರಿ. ಮೊದಲ ಸಂಜೆ ಅಳಿವೆ, ಮರುದಿನ ನದಿ ಮತ್ತು ದೇವಸ್ಥಾನಗಳು. ಮೂರನೆಯ ದಿನ ಬೆಳಿಗ್ಗೆ ಗೇರುಸೊಪ್ಪೆಯ ಬಸದಿ ನೋಡಿ, ಘಟ್ಟ ಹತ್ತಿ, ಮಧ್ಯಾಹ್ನದ ಮೇಲೆ ಇಕ್ಕೇರಿಯ ಅಘೋರೇಶ್ವರ ದೇವಾಲಯಕ್ಕೆ ಬನ್ನಿ. ಸೆರೆಯಾದ ರಾಣಿಯನ್ನು ಕರೆತಂದದ್ದೂ ಘಟ್ಟದ ಈ ದಿಕ್ಕಿನಲ್ಲಿಯೇ ಅಲ್ಲವೇ? ಸಮಯ ಮಿಕ್ಕರೆ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳನ್ನು ನೋಡಬಹುದು.

ತುಂಗಭದ್ರೆ (ಹರಿಹರ):

ಸರ್, ಕ್ರಮ ಚೆನ್ನಾಗಿದೆ, ಆದರೆ ಬಸದಿಯ ಬಳಿ ಅಂಗಡಿ ಹೋಟೆಲುಗಳಿಲ್ಲ. ಅಂದು ಬೆಳಿಗ್ಗೆ ತಿಂಡಿಯನ್ನು ಹೊನ್ನಾವರದಲ್ಲಿಯೇ ಕಟ್ಟಿಸಿಕೊಂಡು, ನೀರಿನ ಕ್ಯಾನು ತುಂಬಿಸಿಕೊಂಡು ಹೊರಡಿ. ಕಾಡಿನಲ್ಲಿ ನೆಲ ತೇವವಾಗಿರುತ್ತದೆ, ಹಿರಿಯರಿಗೆ ಜಾರದ ಚಪ್ಪಲಿ ಇರಲಿ.

ಸೀಮೆಸುಣ್ಣ (ದಾವಣಗೆರೆ):

ಹಾಗೆಯೇ ಮಾಡುತ್ತೇವೆ. ಈ ಚರ್ಚೆಯನ್ನು ಮುದ್ರಿಸಿ ಸಿಬ್ಬಂದಿ ಕೊಠಡಿಯಲ್ಲಿಟ್ಟಿದ್ದೆ, "ಅಲ್ಲಿ ಏನಿದೆ?" ಎಂದು ಕೇಳಿದ್ದ ಗಣಿತದ ಮೇಷ್ಟ್ರು ಈಗ ಎರಡು ರಾತ್ರಿ ಸಾಲದು, ಮೂರು ಮಾಡೋಣ ಎನ್ನುತ್ತಿದ್ದಾರೆ. ಟ್ರಾವೆಲರ್‌ನವರನ್ನು ನಾಳೆ ಕೇಳಬೇಕು. ಅಳಿವೆ ಕಡೆಯವರೇ, ಡಿಸೆಂಬರಿನ ಕೊನೆಯ ವಾರದಲ್ಲಿ ಭರತ ಬೆಳಿಗ್ಗೆ ಎಷ್ಟು ಹೊತ್ತಿಗೆ ಎಂಬುದನ್ನು ಊರಿನಲ್ಲಿ ಯಾರನ್ನಾದರೂ ಕೇಳಿ ತಿಳಿಸಲು ಸಾಧ್ಯವೇ?